ಅರ್ಧ ಕೆಜಿ ಕುಂಕುಮ, ಸಾವಿರ ಮೆಟ್ಟಿಲು ಮತ್ತು 'ಕೈ ಕೊಟ್ಟ' ಹುಡುಗಿ

ಹೋದ ತಿಂಗಳು ಒಂದು ಶುಕ್ರವಾರ ರಾತ್ರಿ. ಕೆಲಸ ಮುಗಿಸಿ ಲ್ಯಾಪ್‌ಟಾಪ್ ಮುಚ್ಚೋ ಹೊತ್ತಿಗೆ ದೊಡ್ಡಮ್ಮನ ಫೋನು. "ನಾಳೆ ಬೆಳಿಗ್ಗೆ ಐದೂವರೆಗೆ ರೆಡಿ ಇರು. ಅಕ್ಕನ ಜೊತೆ ಬೆಟ್ಟ ಹತ್ತಬೇಕು. ನಾನು ಹರಕೆ ಹೊತ್ತಿದ್ದೀನಿ."

ಹರಕೆ ಹೊತ್ತಿದ್ದು ದೊಡ್ಡಮ್ಮ, ಬೆಟ್ಟ ಹತ್ತೋದು ಅಕ್ಕ, ಸಾಮಾನು ಹೊರೋದು ನಾನು. ನಮ್ಮ ಮನೆಗಳಲ್ಲಿ ಕೆಲಸ ಹಂಚಿಕೆ ಯಾವಾಗಲೂ ಹೀಗೇ. ಯಾವ ಪ್ರಾಜೆಕ್ಟ್ ಮ್ಯಾನೇಜರ್ರೂ ಇಷ್ಟು ಚೆನ್ನಾಗಿ ಹಂಚೋದನ್ನ ನಾನು ನೋಡಿಲ್ಲ :)

ಮೈಸೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳ್ತೀನಿ. ಚಾಮುಂಡಿ ಬೆಟ್ಟಕ್ಕೆ ಬಸ್ಸಿನ ದಾರಿ ಒಂದು, ಮೆಟ್ಟಿಲ ದಾರಿ ಒಂದು. ಮೆಟ್ಟಿಲು ಹತ್ತುವವರಲ್ಲೂ ಎರಡು ಜಾತಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೊಬ್ಬು ಕರಗಿಸಲು ಓಡುವವರು ಒಂದು. ಬಗ್ಗಿ ಬಗ್ಗಿ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುವವರು ಇನ್ನೊಂದು. ಎರಡನೇ ಗುಂಪಿನಲ್ಲಿ ಮದುವೆಯಾಗದ ಹೆಣ್ಣುಮಕ್ಕಳು, ಅವರ ಹಿಂದೆ ಪೊಟ್ಟಣ ಹಿಡಿದುಕೊಂಡು ನಮ್ಮಂಥ ತಮ್ಮಂದಿರು.

ಅಕ್ಕ ಅಂದರೆ ದೊಡ್ಡಮ್ಮನ ಮಗಳು. ಬ್ಯಾಂಕಿನಲ್ಲಿ ಕೆಲಸ, ವಯಸ್ಸು ಮೂವತ್ಮೂರು. ಇಲ್ಲಿಯವರೆಗೆ ಹನ್ನೊಂದು ಗಂಡುಗಳು ಬಂದು ನೋಡಿಕೊಂಡು ಹೋಗಿದ್ದಾರೆ. ಕ್ರಿಕೆಟ್ ಟೀಮ್ ಆಯ್ತು, ಇನ್ನು ಬರುವವನು ಹನ್ನೆರಡನೇ ಆಟಗಾರ, ಬಾಟಲಿ ನೀರು ತಂದುಕೊಟ್ಟರೆ ಸಾಕು ಅಂತ ಅವಳೇ ಹೇಳಿಕೊಂಡು ನಗ್ತಾಳೆ.

ಮೆಟ್ಟಿಲು ಎಷ್ಟಿದೆ ಅಂತ ಎಣಿಸೋಣ ಅಂದುಕೊಂಡಿದ್ದೆ. ಕೆಲವರು ಸಾವಿರ ಅಂತಾರೆ, ಕೆಲವರು 1008 ಅಂತಾರೆ. ಇಂಜಿನಿಯರ್ ಆಗಿ ಇಷ್ಟೂ ಬಗೆಹರಿಸದಿದ್ದರೆ ಹೇಗೆ? ಆದರೆ ಮುನ್ನೂರು ದಾಟುವಷ್ಟರಲ್ಲಿ ಅಕ್ಕ ಲೆಕ್ಕ ತಪ್ಪಿಸಿದಳು. ಬಗ್ಗಿ ಕುಂಕುಮ ಇಡುತ್ತಲೇ ಒಬ್ಬೊಬ್ಬ ಗಂಡಿನ ಕತೆ ಶುರು ಮಾಡಿಬಿಟ್ಟಳು. ಮೂರನೆಯವನು ಹೆಸರು ಕೇಳುವ ಮೊದಲು ಅವಳ ಸಂಬಳ ಎಷ್ಟು ಅಂತ ಕೇಳಿದನಂತೆ. ಐದನೆಯವನು ಮೂರು ಸಲ ಕೇಸರಿಬಾತ್ ಹಾಕಿಸಿಕೊಂಡು ತಿಂದು, ಮನೆಗೆ ಹೋಗಿ "ಜಾತಕ ಕೂಡಿಬರಲ್ಲ" ಅಂತ ಫೋನ್ ಮಾಡಿಸಿದನಂತೆ. ಜಾತಕ ಕೂಡಿ ಬಂದಮೇಲೇ ಅವನು ಕೇಸರಿಬಾತಿಗೆ ಬಂದಿದ್ದು! ಏಳನೆಯವನು ಏಕಾಂತದಲ್ಲಿ ಮಾತಾಡಬೇಕು ಅಂತ ಟೆರೇಸಿಗೆ ಕರೆದು, ಅಲ್ಲಿ ನಿಂತು ನಲವತ್ತು ನಿಮಿಷ ತನ್ನ ಹಳೇ ಹುಡುಗಿಯನ್ನ ನೆನೆಸಿಕೊಂಡು ಅತ್ತನಂತೆ. ಅಕ್ಕ ಕೆಳಗೆ ಹೋಗಿ ನೀರು ತಂದುಕೊಟ್ಟು ಸಮಾಧಾನ ಮಾಡಿ ಕಳಿಸಿದಳಂತೆ. ಆಮೇಲೆ ಒಂಬತ್ತನೆಯವನು...

"ಎಂಟನೆಯವನು?" ಅಂದೆ.

"ಕುಂಕುಮ ಕೊಡೋ" ಅಂದಳು.

ನಾನೂ ಸುಮ್ಮನೆ ಕೊಟ್ಟೆ.

ಅವಳಿಗೆ ಸಮಾಧಾನ ಆಗಲಿ ಅಂತ (ಅಥವಾ ನನ್ನ ಚಾಳಿಯಂತೆ) ನನ್ನ ಕತೆ ತೆಗೆದೆ. ನಿಮ್ಮಲ್ಲಿ ಕೆಲವರಿಗೆ ಈ ಕತೆ ಗೊತ್ತು. ಇಂಜಿನಿಯರಿಂಗ್ ಕೊನೇ ವರ್ಷ, 2019. ನಮ್ಮ ಬ್ಯಾಚಿನ ಒಬ್ಬಳು ಹುಡುಗಿ. ಮೂರು ವರ್ಷ ಒಂದೇ ಗುಂಪು, ಒಂದೇ ಕ್ಯಾಂಟೀನ್ ಟೇಬಲ್ಲು, ಲ್ಯಾಬಿನಲ್ಲಿ ಪಕ್ಕಪಕ್ಕದ ಸಿಸ್ಟಮ್ಮು. ಒಂದು ದಿನ ಧೈರ್ಯ ಮಾಡಿ ಹೇಳಿದೆ. ಅವಳು ಬೇಡ ಅಂದಳು. ನನ್ನ ಕತೆಯಲ್ಲಿ ಇದು ಹೀಗೆ ಬರೋದಿಲ್ಲ ನೋಡಿ. ನನ್ನ ಕತೆಯಲ್ಲಿ ಮಳೆ ಬರುತ್ತೆ, ನಾನು ಬಸ್‌ಸ್ಟಾಪಿನಲ್ಲಿ ಒಬ್ಬನೇ ನಿಂತಿರ್ತೀನಿ, ಆಮೇಲೆ ಗೆಳೆಯರು ಬಂದು ಕೇಳ್ತಾರೆ, ನಾನು ಎರಡೇ ಪದ ಹೇಳ್ತೀನಿ: "ಕೈ ಕೊಟ್ಳು."

ಅಕ್ಕ ಸೊಂಟ ನೆಟ್ಟಗೆ ಮಾಡಿ ನಿಂತಳು. ಕೈಯೆಲ್ಲಾ ಕೆಂಪು.

"ಯಾವಾಗ ಕೊಟ್ಟಿದ್ಳೋ ಕೈ?"

"ಅಂದ್ರೆ?"

"ಕೈ ಕೊಡೋದಕ್ಕೆ ಮುಂಚೆ ಕೈ ಹಿಡಿದಿರಬೇಕು ತಾನೆ? ಪ್ರೀತಿಸ್ತೀನಿ ಅಂದಿದ್ಳಾ? ಮದುವೆ ಆಗ್ತೀನಿ ಅಂದಿದ್ಳಾ?"

"ಇಲ್ಲ."

"ನೀನು ಕೇಳಿದೆ, ಅವಳು ಬೇಡ ಅಂದ್ಳು. ಇದರಲ್ಲಿ ಕೈ ಎಲ್ಲಿಂದ ಬಂತು?"

ಸತ್ಯವಾಗಿ ಹೇಳ್ತೀನಿ ಸ್ನೇಹಿತರೇ, ಅಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಪ್ರೋಗ್ರಾಮ್ ಬರೆಯುವಾಗ ಘೋಷಿಸದ ವೇರಿಯಬಲ್ ಬಳಸಿದರೆ ಕಂಪೈಲರ್ ಒಂದೇ ಕ್ಷಣದಲ್ಲಿ ಬೈಯುತ್ತೆ. ಬದುಕಿನಲ್ಲಿ ಹಾಗೆ ಬೈಯೋಕೆ ಅಕ್ಕಂದಿರು ಬೇಕು.

ಅಲ್ಲಿಂದ ಮೇಲೆ ಹತ್ತುತ್ತಾ ನಾನು ಯೋಚಿಸಿದ್ದೆಲ್ಲಾ ಸಿನಿಮಾದ ಬಗ್ಗೆ. ನಾನು ನನ್ನ ಕತೆಯನ್ನ ಎಲ್ಲಿಂದ ಕದ್ದೆ? ಉತ್ತರ ಕಷ್ಟವಿಲ್ಲ. 'ಮುಂಗಾರು ಮಳೆ' ಬಿಡುಗಡೆಯಾಗಿದ್ದು 2006ರ ಡಿಸೆಂಬರ್ ಕೊನೆಗೆ. ನಾನಾಗ ಪ್ರೈಮರಿ ಸ್ಕೂಲು. ಮನೆಮಂದಿಯೆಲ್ಲಾ ಒಟ್ಟಿಗೆ ಹೋಗಿ ನೋಡಿದ್ವಿ, ಆಮೇಲೆ ಟೀವಿಯಲ್ಲಿ ಎಷ್ಟು ಸಲ ಬಂತೋ ಅಷ್ಟೂ ಸಲ ನೋಡಿದ್ದೀನಿ. ಯೋಗರಾಜ ಭಟ್ಟರ ಮಾತು, ಗಣೇಶ್ ಚೇಷ್ಟೆ, ಅನಂತನಾಗ್ ಕುಡಿದು ಮಾತಾಡೋದು, ಎಲ್ಲಕ್ಕಿಂತ ಹೆಚ್ಚಾಗಿ ಆ ಮಳೆ. ಒಂದು ವರ್ಷಕ್ಕೂ ಮೀರಿ ಓಡಿದ ಸಿನಿಮಾ. ಅದನ್ನ ಇವತ್ತಿಗೂ ಇಷ್ಟಪಡ್ತೀನಿ, ಬೈಯೋಕೆ ಬರೀತಿಲ್ಲ.

ಆದರೆ ಆ ಸಿನಿಮಾ ಮಾಡುವ ಒಂದು ಕೈಚಳಕ ನೋಡಿ. ನಾಯಕ ಹುಡುಗಿಯನ್ನ ಮೊದಲ ಸಲ ನೋಡಿದ ತಕ್ಷಣ ಮ್ಯಾನ್‌ಹೋಲ್ ಒಳಗೆ ಬೀಳ್ತಾನೆ. ಮುಂದೆ ಒಂದು ಮೊಲ ಸಿಗುತ್ತೆ, ಅದಕ್ಕೆ ದೇವದಾಸ ಅಂತ ಹೆಸರಿಡ್ತಾನೆ. ಎಂಥ ಒಳ್ಳೇ ಹಾಸ್ಯ! ಭಗ್ನಪ್ರೇಮಿಗಳ ದೊರೆ ದೇವದಾಸನನ್ನ ಕಿವಿ ಹಿಡಿದು ಎತ್ತೋ ಮೊಲ ಮಾಡಿಬಿಟ್ಟರಲ್ಲ ಅಂತ ನಗು ಬರುತ್ತೆ. ಮೊದಲರ್ಧ ಪೂರ್ತಿ ಸಿನಿಮಾ ದೇವದಾಸನನ್ನ ಗೇಲಿ ಮಾಡುತ್ತೆ. ದ್ವಿತೀಯಾರ್ಧ ಬರುವಷ್ಟರಲ್ಲಿ ನಾಯಕನೇ ದೇವದಾಸ. ನಾವೂ ನಗೋದು ಬಿಟ್ಟು ಕಣ್ಣು ಒರೆಸಿಕೊಳ್ತೀವಿ. ಅಷ್ಟು ಹೊತ್ತಿಗೆ ಆ ಹುಡುಗಿಗೂ ಇವನ ಮೇಲೆ ಮನಸ್ಸಾಗಿದೆ, ಬರೋಕೆ ತಯಾರಿದ್ದಾಳೆ. ಬೇಡ ಅಂತ ತೀರ್ಮಾನ ಮಾಡೋದು ಅವನು. ತ್ಯಾಗ ಅವನದು, ಮಳೆಯಲ್ಲಿ ನೆನೆಯೋದು ಅವನು, ಅಳೋದು ಅವನು. ಹಸೆಮಣೆ ಮೇಲೆ ಕೂತವಳ ಮನಸ್ಸಿನಲ್ಲಿ ಆ ಹೊತ್ತು ಏನಿತ್ತು ಅಂತ ಕ್ಯಾಮೆರಾ ಹೆಚ್ಚು ಹೊತ್ತು ನಿಂತು ನೋಡೋದಿಲ್ಲ. ನಾವೂ ಕೇಳಲಿಲ್ಲ.

ನನ್ನಂಥ ಸಾವಿರಾರು ಹುಡುಗರು ಆ ಸಿನಿಮಾದಿಂದ ಕಲಿತಿದ್ದು ಹಾಸ್ಯವನ್ನಲ್ಲ, ನೆನೆಯೋದನ್ನ. ಪ್ರೀತಿ ಕೈಗೂಡದಿದ್ದರೆ ಮಳೆಯಲ್ಲಿ ನಿಲ್ಲು, ದೊಡ್ಡ ಮನುಷ್ಯ ಆಗ್ತೀಯ. ನಿಂತೆವು. ನೆಗಡಿ ಬಂತು.

ಇನ್ನೊಂದು ಸಿನಿಮಾ, 2017ರ 'ಒಂದು ಮೊಟ್ಟೆಯ ಕಥೆ'. ಇದನ್ನ ನಮ್ಮ ಗುಂಪು ಒಟ್ಟಿಗೆ ಹೋಗಿ ನೋಡಿತ್ತು, ಅವಳೂ ಇದ್ದಳು, ನನಗಿಂತ ಜೋರಾಗಿ ನಗ್ತಿದ್ದಳು. ರಾಜ್ ಬಿ. ಶೆಟ್ಟಿ ಬರೆದು, ನಿರ್ದೇಶಿಸಿ, ತಾವೇ ನಟಿಸಿದ್ದು. ಮಂಗಳೂರಿನಲ್ಲಿ ಜನಾರ್ದನ ಅನ್ನೋ ಕನ್ನಡ ಲೆಕ್ಚರರ್. ಅಣ್ಣಾವ್ರ ಭಕ್ತ. ಮದುವೆ ವಯಸ್ಸಿಗೇ ತಲೆ ಬೋಳು. ನೋಡಿದ ಹುಡುಗಿಯರೆಲ್ಲಾ ಬೇಡ ಅಂತಾರೆ. ಮುಂದೆ ಹಿಂದಿಯಲ್ಲಿ 'ಉಜಡಾ ಚಮನ್', ಮಲಯಾಳದಲ್ಲಿ 'ತಮಾಶ' ಅಂತ 2019ರಲ್ಲಿ ಇದರ ಎರಡು ರೂಪಗಳು ಬಂದವು.

ಪ್ರೇಮದಲ್ಲಿ ಅದೃಷ್ಟಗೆಟ್ಟವನ ಬಗ್ಗೆ ಕನ್ನಡದಲ್ಲಿ ಬಂದ ಅತ್ಯಂತ ಪ್ರಾಮಾಣಿಕ ಹಾಸ್ಯ ಇದು ಅಂತ ನನ್ನ ಅಭಿಪ್ರಾಯ. ಯಾಕೆ ಅಂದರೆ ಇದರಲ್ಲಿ ನಾಯಕನಿಗೆ ಫೇಸ್‌ಬುಕ್‌ನಲ್ಲಿ ಒಬ್ಬಳು ಹುಡುಗಿ ಪರಿಚಯ ಆಗ್ತಾಳೆ. ಭೇಟಿಯಾದಾಗ ನೋಡಿದರೆ ಅವಳು ದಪ್ಪ. ತಲೆಗೂದಲಿಲ್ಲ ಅಂತ ತನ್ನನ್ನ ಜಗತ್ತು ತಿರಸ್ಕರಿಸುತ್ತೆ ಅಂತ ಕೊರಗುತ್ತಿದ್ದವನು, ಅವಳ ಮೈ ನೋಡಿ ಹಿಂದೆ ಸರೀತಾನೆ. ಥಿಯೇಟರಿನಲ್ಲಿ ಅಲ್ಲಿಯವರೆಗೆ ನಕ್ಕವರಿಗೆಲ್ಲಾ ಆಗ ಒಂದು ಕ್ಷಣ ಮುಜುಗರ. 'ಮುಂಗಾರು ಮಳೆ' ನಾಯಕನನ್ನ ದೊಡ್ಡವನನ್ನಾಗಿ ಮಾಡುತ್ತೆ. 'ಮೊಟ್ಟೆ' ಅವನನ್ನ ನಮ್ಮಷ್ಟೇ ಸಣ್ಣವನನ್ನಾಗಿ ಮಾಡುತ್ತೆ. ಹಾಸ್ಯಕ್ಕೆ ಬೇಕಾಗಿರೋದು ಅದೇ. ತನ್ನ ದುರದೃಷ್ಟಕ್ಕೆ ತಾನು ನಗೋದು ಅರ್ಧ ಹಾಸ್ಯ. ತಾನೂ ಇನ್ನೊಬ್ಬರ ದುರದೃಷ್ಟ ಅಂತ ಗೊತ್ತಾದಾಗ ಅದು ಪೂರ್ತಿ ಆಗುತ್ತೆ.

ಇಷ್ಟನ್ನ ಅಕ್ಕನಿಗೆ ಹೇಳಿದೆ, ಸ್ವಲ್ಪ ಜಂಬದಿಂದಲೇ.

"ಸರಿ, ಆ ದಪ್ಪ ಹುಡುಗಿ ಮನೆಗೆ ಹೋಗಿ ಏನು ಮಾಡಿದ್ಳು?" ಅಂದಳು ಅಕ್ಕ.

"ಅದು... ಆ ಸಿನಿಮಾದ ಕತೆ ಅಲ್ಲವಲ್ಲ."

"ಅವಳ ಸಿನಿಮಾ ಯಾವುದು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನೀವೂ ಹುಡುಕಿ ನೋಡಿ. ಪ್ರೀತಿಯಲ್ಲಿ ಸೋತ ಹೆಣ್ಣು ನಮ್ಮ ಕತೆಗಳಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಇದೇ ಮೈಸೂರಿನ ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು ಮಾಡಿದ 'ಶರಪಂಜರ' ಇದೆ. ಕಲ್ಪನಾ ಅವರ ಅಭಿನಯ ನೋಡಿ ನಮ್ಮಮ್ಮ ಈಗಲೂ ಅಳ್ತಾರೆ. ಅದರಲ್ಲಿ ಹೆಣ್ಣಿಗೆ ಹುಚ್ಚು. 1973ರ 'ಎಡಕಲ್ಲು ಗುಡ್ಡದ ಮೇಲೆ' ಇದೆ. ಅದರಲ್ಲಿ ಹೆಣ್ಣಿಗೆ ಸಾವು. ದೊಡ್ಡ ಸಿನಿಮಾಗಳೇ, ಎರಡು ಮಾತಿಲ್ಲ. ಆದರೆ ಲೆಕ್ಕ ಹಾಕಿ: ಗಂಡು ಸೋತರೆ ಹಾಡು, ಹೆಣ್ಣು ಸೋತರೆ ಹುಚ್ಚು ಅಥವಾ ಸಾವು. ಸೋತು, ಮುಖ ತೊಳೆದುಕೊಂಡು, ಮಾರನೇ ದಿನ ಬ್ಯಾಂಕಿಗೆ ಹೋಗಿ ಕೌಂಟರಿನಲ್ಲಿ ಕೂತು, ಸಂಜೆ ತಮ್ಮನಿಗೆ ಅದನ್ನೇ ತಮಾಷೆಯಾಗಿ ಹೇಳುವ ಹೆಣ್ಣು ನಮ್ಮ ಪರದೆಯ ಮೇಲೆ ಎಲ್ಲಿ? ನನ್ನ ಮುಂದಿನ ಮೆಟ್ಟಿಲಿನ ಮೇಲೇ ಇದ್ದಳು, ಕುಂಕುಮ ಹಚ್ಚುತ್ತಾ.

ನಂದಿ ಹತ್ತಿರ ಕೂತೆವು. ದೊಡ್ಡದೇವರಾಜ ಒಡೆಯರ್ ಕಾಲದ್ದು, ಅಂದರೆ ಮುನ್ನೂರೈವತ್ತು ವರ್ಷ ದಾಟಿದ ಏಕಶಿಲಾ ನಂದಿ. ಹದಿನಾರು ಅಡಿ ಎತ್ತರ, ಕೊರಳಿನ ಗಂಟೆ ಸರದ ಒಂದೊಂದು ಗಂಟೆಯನ್ನೂ ಬಿಡಿಸಿ ಕೆತ್ತಿದ್ದಾರೆ. ಬಿಸಿಲು ಆಗಷ್ಟೇ ಬರ್ತಿತ್ತು. ಅಕ್ಕ ನೀರು ಕುಡಿದು, "ಈ ಬೆಟ್ಟದ ಮೇಲಿರೋಳ ಕತೆ ಗೊತ್ತೇನೋ ನಿಂಗೆ?" ಅಂದಳು.

"ಮಹಿಷಾಸುರನ್ನ ಕೊಂದಿದ್ದು."

"ಅದು ಪುರೋಹಿತರು ಹೇಳೋದು. ಅಜ್ಜಿ ಹೇಳ್ತಿದ್ದದ್ದು?"

ಅಜ್ಜಿ ನಂಜನಗೂಡಿನ ಕಡೆಯವರು. ಅಕ್ಕ ಅವರ ಹತ್ತಿರ ಬೆಳೆದವಳು, ನಾನು ಕಾರ್ಟೂನ್ ನೋಡಿಕೊಂಡು ಬೆಳೆದವನು. ಅವಳು ಹೇಳಿದ ಕತೆ ಈ ಸೀಮೆಯಲ್ಲಿ ಹಾಡಾಗಿ ಹರಿದಾಡಿರೋದು. ಹಾಡುವವರು ಬದಲಾದ ಹಾಗೆ ಕತೆಯೂ ಬದಲಾಗುತ್ತೆ, ಆದರೆ ಮೂಳೆ ಒಂದೇ. ಮಹಿಷನ ಜೊತೆ ಹೋರಾಡಿ ಹೋರಾಡಿ ಚಾಮುಂಡಿಗೆ ಸುಸ್ತು. ಅವನ ರಕ್ತದ ಹನಿ ನೆಲಕ್ಕೆ ಬಿದ್ದಲ್ಲೆಲ್ಲಾ ಮತ್ತೊಬ್ಬ ರಾಕ್ಷಸ. ಆಗ ಅವಳ ತಂಗಿ, ಬೆಟ್ಟದ ಆ ಕಡೆ ಕೆಳಗಿರುವ ಉತ್ತನಹಳ್ಳಿಯಮ್ಮ, ನಾಲಿಗೆ ಹಾಸಿ ರಕ್ತ ನೆಲಕ್ಕೆ ಬೀಳದ ಹಾಗೆ ನೋಡಿಕೊಂಡಳು. ಮಹಿಷ ಸತ್ತ. ಇಲ್ಲಿಗೆ ಪುರೋಹಿತರ ಕತೆ ಮುಗಿಯುತ್ತೆ. ಹಾಡಿನ ಕತೆ ಶುರುವಾಗೋದೇ ಇಲ್ಲಿಂದ. ಮೈ ತೊಳೆಯೋಕೆ ಅಂತ ಕಪಿಲಾ ನದಿಗೆ ಹೋದವಳ ಕಣ್ಣಿಗೆ ನಂಜನಗೂಡಿನ ನಂಜುಂಡ ಬಿದ್ದ, ಅವನ ಕಣ್ಣಿಗೆ ಇವಳು ಬಿದ್ದಳು. ಇಬ್ಬರಿಗೂ ಮನಸ್ಸಾಯ್ತು. ತೊಂದರೆ ಏನು ಅಂದರೆ ನಂಜುಂಡನಿಗೆ ಆಗಲೇ ಮದುವೆ ಆಗಿದೆ!

ಆಮೇಲೆ ನಡೆಯೋದೆಲ್ಲಾ ನಮ್ಮ ವಠಾರಗಳಲ್ಲಿ ನಡೆಯೋದೇ. ಮುನಿಸು, ಓಲೈಕೆ, ಸವತಿ ಮಾತ್ಸರ್ಯ, ಬಾಯಿಗೆ ಬಂದ ಹಾಗೆ ಬೈಗುಳ. ನಂಜುಂಡ ಎರಡು ಕಡೆಯೂ ಸಿಕ್ಕಿಕೊಂಡು ಒದ್ದಾಡೋ ಗಂಡಸು. ಮೂರು ಲೋಕ ನಡುಗಿಸಿದ ರಾಕ್ಷಸನನ್ನ ಕೆಡವಿದವಳಿಗೆ, ಇಪ್ಪತ್ತಮೂರು-ಇಪ್ಪತ್ನಾಲ್ಕು ಕಿಲೋಮೀಟರ್ ದೂರದಲ್ಲಿರೋ ಒಬ್ಬ ಗಂಡಸನ್ನ ತನ್ನವನನ್ನಾಗಿ ಮಾಡಿಕೊಳ್ಳೋಕೆ ಆಗಲಿಲ್ಲ. ಅವನು ಅಲ್ಲಿ ಹೊಳೆ ದಂಡೆಯಲ್ಲಿ, ಇವಳು ಇಲ್ಲಿ ಬೆಟ್ಟದ ತುದಿಯಲ್ಲಿ.

ಇದು ಅಕ್ಕನ ಕಲ್ಪನೆ ಇರಬೇಕು ಅಂದುಕೊಂಡು ಮನೆಗೆ ಬಂದು ಹುಡುಕಿದೆ. ಅಲ್ಲ. ಈ ಜನಪದ ಕಾವ್ಯವನ್ನ ಪಿ. ಕೆ. ರಾಜಶೇಖರ ಅವರು 'ಬೆಟ್ಟದ ಚಾಮುಂಡಿ' ಅಂತ ಸಂಗ್ರಹಿಸಿದ್ದಾರೆ. ಇದೇ ಊರಲ್ಲಿ 1929ರಲ್ಲಿ ಹುಟ್ಟಿ ಮುಂದೆ ಶಿಕಾಗೋದಲ್ಲಿ ಪಾಠ ಹೇಳಿದ ಎ. ಕೆ. ರಾಮಾನುಜನ್ ಈ ಕತೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಅವರು ಗಮನಿಸಿದ್ದು ಇದು: ಸಂಸ್ಕೃತ ಪುರಾಣಗಳಲ್ಲಿ ದೇವರುಗಳಿಗೆ ಬೆವರೂ ಬರಲ್ಲ. ಜನಪದದ ದೇವರುಗಳಿಗೆ ಮೈ ಇದೆ, ಬೆವರಿದೆ, ಸುಸ್ತಿದೆ, ಮನೆಜಗಳ ಇದೆ.

ನನಗೆ ಆಶ್ಚರ್ಯ ಆಗಿದ್ದು ಬೇರೆಯದಕ್ಕೆ. ಪ್ರೇಮದಲ್ಲಿ ಸೋತ ಹೆಣ್ಣಿನ ಹಾಸ್ಯಕತೆ ಕನ್ನಡದಲ್ಲಿ ಇಲ್ಲ ಅಂತ ನಾನು ಮೆಟ್ಟಿಲ ಮೇಲೆ ನಿಂತು ಭಾಷಣ ಬಿಗೀತಿದ್ದೆ. ನಾನು ನಿಂತಿದ್ದ ಬೆಟ್ಟದ ಕತೆಯೇ ಅದು! ಅದೂ ಎಂಥ ಕತೆ. ಸೋತಳು ಅಂತ ಅವಳಿಗೆ ಹುಚ್ಚು ಹಿಡಿಯಲಿಲ್ಲ, ಅವಳು ಸಾಯಲಿಲ್ಲ, ಪೂಜೆ ನಿಲ್ಲಲಿಲ್ಲ. ಆಷಾಢ ಶುಕ್ರವಾರ ಬಂದರೆ ಬೆಟ್ಟದಲ್ಲಿ ಕಾಲಿಡೋಕೆ ಜಾಗ ಇರಲ್ಲ. ದಸರಾ ಅಂಬಾರಿಯಲ್ಲಿ ಕೂರೋದೂ ಅವಳೇ. ಹಾಡು ಕಟ್ಟಿದವರು ಅವಳ ಆಸೆಯನ್ನ ಮುಚ್ಚಿಡಲಿಲ್ಲ, ಅದಕ್ಕಾಗಿ ಅವಳ ಮರ್ಯಾದೆಯನ್ನ ಕಡಿಮೆಯನ್ನೂ ಮಾಡಲಿಲ್ಲ. ನಕ್ಕರು, ಕೈ ಮುಗಿದರು. ಎರಡೂ ಒಟ್ಟಿಗೆ.

ಇನ್ನೊಂದು ತಮಾಷೆ ನೋಡಿ. ಮದುವೆ ಆಗಲಿ ಅಂತ ನಾವು ಹರಕೆ ಹೊತ್ತುಕೊಂಡು ಹೋಗೋದು, ಹಾಡಿನ ಪ್ರಕಾರ, ಈ ವಿಷಯದಲ್ಲಿ ತಾನೇ ಗೆಲ್ಲಲಾಗದವಳ ಹತ್ತಿರ! ಅಕ್ಕನಿಗೆ ಹೇಳಿದೆ. "ಅದಕ್ಕೇ ಕಣೋ ಅವಳ ಹತ್ರ ಹೋಗೋದು. ಗೆದ್ದವರಿಗೆ ಏನು ಗೊತ್ತಾಗುತ್ತೆ?" ಅಂದಳು.

ಆಮೇಲೆ, ಕೇಳದೇ ಇದ್ದರೂ, ಎಂಟನೆಯವನ ಬಗ್ಗೆ ಹೇಳಿದಳು. ನಗಿಸಲಿಲ್ಲ. ಎರಡು ತಿಂಗಳು ದಿನಾ ರಾತ್ರಿ ಫೋನಿನಲ್ಲಿ ಮಾತಾಡಿದ್ದರಂತೆ. ಮನೆ ಯಾವ ಬಡಾವಣೆಯಲ್ಲಿ ಮಾಡೋದು ಅನ್ನೋವರೆಗೂ ಮಾತು ಬಂದಿತ್ತಂತೆ. ಒಂದು ದಿನದಿಂದ ಫೋನ್ ಎತ್ತಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ನಾಲ್ಕು ತಿಂಗಳಾದ ಮೇಲೆ ಯಾರದೋ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಅವನ ಮದುವೆ ಫೋಟೋ.

"ಕೈ ಕೊಟ್ಟ ಅನ್ನೋದು ಇದಕ್ಕೆ ಕಣೋ. ನಾನು ಯಾರಿಗೂ ಆ ಮಾತು ಹೇಳಲಿಲ್ಲ. ಹೇಳಿದ್ರೆ ಅವನನ್ನ ಯಾರೂ ಏನೂ ಕೇಳ್ತಿರಲಿಲ್ಲ. 'ಅವಳಲ್ಲೇ ಏನೋ ಇರಬೇಕು' ಅಂತ ಇನ್ನೂ ನಾಲ್ಕು ಸಂಬಂಧ ತಪ್ಪಿಹೋಗ್ತಿತ್ತು. ನಿಂಗೆ ಆ ಮಾತು ಪುಕ್ಕಟೆ ಸಿಕ್ಕಿತ್ತು, ಹೇಳ್ಕೊಂಡು ತಿರುಗಿದೆ."

ಇಲ್ಲಿ ನನ್ನ ಕತೆಯಲ್ಲಿ ನಾನು ಯಾವಾಗಲೂ ಬಿಡುವ ಭಾಗವನ್ನ ಹೇಳಬೇಕು.

'ಕೈ ಕೊಟ್ಳು' ಅಂತ ನಾನು ಹೇಳಿದ್ದು ಇಬ್ಬರಿಗೆ. ಒಂದು ವಾರದಲ್ಲಿ ಹಾಸ್ಟೆಲ್ಲಿಗೆಲ್ಲಾ ಗೊತ್ತು. ಅವಳು ಕ್ಲಾಸಿಗೆ ಬಂದರೆ ಹಿಂದಿನ ಬೆಂಚಿನಿಂದ ವಿರಹದ ಹಾಡು. ಬೆಂಚಿನ ಮೇಲೆ ಅವಳ ಹೆಸರು, ಪಕ್ಕದಲ್ಲಿ ಒಡೆದ ಹೃದಯ. ಯಾರೋ ಒಬ್ಬ ಅವಳ ಫೋಟೋ ಹಾಕಿ ಮೀಮ್ ಮಾಡಿದ. ನಾನು ಮಾಡಲಿಲ್ಲ, ನಿಜ. ನೋಡಿ ನಕ್ಕೆ, ಅದೂ ನಿಜ. ಅವಳು ಕ್ಯಾಂಟೀನಿಗೆ ಬರೋದು ಬಿಟ್ಟಳು, ಲೈಬ್ರರಿಯಲ್ಲಿ ಕೂರೋದು ಬಿಟ್ಟಳು. ಕೊನೇ ಸೆಮಿಸ್ಟರ್ ಪೂರ್ತಿ ಕ್ಲಾಸು ಮುಗಿದ ತಕ್ಷಣ ಮನೆಗೆ. ನಾನದನ್ನ 'ಪಶ್ಚಾತ್ತಾಪ' ಅಂತ ತಿಳಿದುಕೊಂಡಿದ್ದೆ. ಎಷ್ಟು ಮೂರ್ಖ ಇರಬೇಕು ನೋಡಿ. ಬೀಳ್ಕೊಡುಗೆ ದಿನ ಎದುರು ಸಿಕ್ಕವಳು ಒಂದೇ ಮಾತು ಕೇಳಿದಳು: "ನಾನು ನಿಂಗೆ ಏನಂತ ಮಾತು ಕೊಟ್ಟಿದ್ದೆ?" ಅದನ್ನೂ ನಾನು ಸಿನಿಮಾದ ಡೈಲಾಗ್ ಅಂತಲೇ ಕೇಳಿಸಿಕೊಂಡೆ. ಅದು ಪ್ರಶ್ನೆ ಅಂತ ಗೊತ್ತಾಗೋಕೆ ಇಷ್ಟು ವರ್ಷ ಮತ್ತು ಏಳುನೂರು ಚಿಲ್ಲರೆ ಮೆಟ್ಟಿಲು ಬೇಕಾಯ್ತು.

ಕೆಲವರು ಈಗ ಹೇಳಬಹುದು, ಹಾಗಾದರೆ ಹುಡುಗರು ಅಳಲೇಬಾರದಾ, ನಮ್ಮ ನೋವು ನೋವಲ್ವಾ ಅಂತ. ನೋವೇ ಸ್ವಾಮಿ. ನನಗೆ ಆಗ ನಾಲ್ಕು ತಿಂಗಳು ಊಟ ಸೇರಲಿಲ್ಲ, ಎರಡು ಸಬ್ಜೆಕ್ಟ್ ಹೋಯ್ತು. ಆ ನೋವು ಸುಳ್ಳಲ್ಲ. ಆ ನೋವಿಗೆ ನಾನು ಕಟ್ಟಿದ ಕತೆ ಸುಳ್ಳು. ನೋವಾಗಿದೆ ಅನ್ನೋದಕ್ಕೂ ನೋವು ಮಾಡಿದರು ಅನ್ನೋದಕ್ಕೂ ಬಹಳ ವ್ಯತ್ಯಾಸ ಇದೆ. ಮಾತು ಕೊಟ್ಟು ತಪ್ಪುವ ಹುಡುಗಿಯರಿಲ್ಲವೇ ಅಂದರೆ, ಇದ್ದಾರೆ. ಎಂಟನೆಯವನಂಥ ಗಂಡಸರಿರುವ ಹಾಗೇ ಇದ್ದಾರೆ. ಅವರಿಗೆ ಆ ಪದ ಇರಲಿ. ಕೇಳಿದ್ದಕ್ಕೆ ನೇರವಾಗಿ ಬೇಡ ಅಂದವಳಿಗೆ ಬೇರೆ ಪದ ಬೇಕು. 'ಒಪ್ಪಲಿಲ್ಲ' ಅನ್ನೋ ಒಳ್ಳೇ ಕನ್ನಡ ಪದ ಆಗಲೇ ಇದೆ. ಅದರಲ್ಲಿ ಮಳೆ ಬರಲ್ಲ ಅಷ್ಟೇ.

ಇದಕ್ಕೇ ನನಗೆ ಪ್ರೇಮದ ಹಾಸ್ಯ ಅನ್ನೋದು ಬರೀ ಟೈಮ್‌ಪಾಸ್ ವಿಷಯ ಅಂತ ಈಗ ಅನ್ನಿಸಲ್ಲ. ಇಪ್ಪತ್ತೊಂದು ವಯಸ್ಸಿನ ಹುಡುಗ ಮೊದಲ ಸಲ ಬೇಡ ಅನ್ನಿಸಿಕೊಂಡಾಗ ಅವನ ಕೈಯಲ್ಲಿ ಇರೋದು ನೋಡಿದ ಸಿನಿಮಾಗಳು, ಕೇಳಿದ ಹಾಡುಗಳು. ಅವುಗಳಲ್ಲಿ ಸೋತವನು ಹುತಾತ್ಮ ಅಂತಿದ್ದರೆ ಅವನು ಒಬ್ಬಳು ಅಪರಾಧಿಯನ್ನ ಹುಡುಕಿಯೇ ಹುಡುಕ್ತಾನೆ. ಸೋತವನು ಮ್ಯಾನ್‌ಹೋಲಿಗೆ ಬಿದ್ದು, ಎದ್ದು, ಪ್ಯಾಂಟು ಒದರಿಕೊಂಡು ಮನೆಗೆ ಹೋದ ಅಂತಿದ್ದರೆ ಅವನೂ ಹಾಗೇ ಮಾಡಬಹುದು. ಇನ್ನು ಸೋತವಳ ಕತೆಯೂ ಇದ್ದಿದ್ದರೆ, ತನ್ನ ಹಾಗೇ ಎದುರಿನವಳಿಗೂ ಒಂದು ಮನಸ್ಸಿದೆ, ಅದಕ್ಕೂ ಆಯ್ಕೆ ಇದೆ ಅಂತ ಒಂದು ಸಲವಾದರೂ ಹೊಳೀತಿತ್ತು.

ಗಾಂಧಿನಗರದಲ್ಲಿ ಯಾರಾದರೂ ಇದನ್ನ ಓದ್ತಿದ್ದರೆ (ಓದಲ್ಲ, ಗೊತ್ತು) ನನ್ನ ಹತ್ತಿರ ಒಂದು ಕತೆ ಇದೆ. ನಾಯಕಿಗೆ ಮೂವತ್ಮೂರು. ಬ್ಯಾಂಕ್ ಕೆಲಸ. ಹನ್ನೊಂದು ಗಂಡು. ಮೊದಲ ದೃಶ್ಯದಲ್ಲೇ ಕೇಸರಿಬಾತ್. ಕೊನೆಗೆ ಅವಳಿಗೆ ಮದುವೆ ಆಗುತ್ತೋ ಇಲ್ವೋ ನಿಮಗೆ ಬಿಟ್ಟಿದ್ದು, ಹುಚ್ಚು ಮಾತ್ರ ಹಿಡಿಸಬೇಡಿ.

ಬೆಟ್ಟದ ತುದಿ ಇನ್ನೂ ನೂರು ಮೆಟ್ಟಿಲಿರುವಾಗ ಕುಂಕುಮ ಖಾಲಿ. ಅರ್ಧ ಕೆಜಿ ಸಾಕು ಅಂತ ಲೆಕ್ಕ ಹಾಕಿದ್ದು ನಾನೇ, ಇಂಜಿನಿಯರ್. ಅಕ್ಕ ಎರಡು ನಿಮಿಷ ಯೋಚಿಸಿ, "ಉಳಿದದ್ದಕ್ಕೆ ಅರಿಶಿನ ಸಾಕು, ಅವಳು ಅಡ್ಜಸ್ಟ್ ಮಾಡ್ಕೋತಾಳೆ" ಅಂದಳು. ಮೇಲೆ ದರ್ಶನ ಆಯ್ತು, ಉಪ್ಪುಖಾರ ಹಾಕಿದ ಮಾವಿನಕಾಯಿ ತಿಂದೆವು, ಇಳಿಯುವಾಗ ಬಸ್ಸು ಹತ್ತಿದೆವು.

ಆ ರಾತ್ರಿ ನಮ್ಮ ಹಳೇ ಕಾಲೇಜ್ ಗುಂಪಿನ ವಾಟ್ಸಾಪಿನಲ್ಲಿ ಬರೆದೆ: "2019ರಲ್ಲಿ ಅವಳು ನನಗೆ ಕೈ ಕೊಟ್ಳು ಅಂತ ನಿಮಗೆಲ್ಲಾ ಹೇಳಿದ್ದೆ. ಅದು ಸುಳ್ಳು. ನಾನು ಕೇಳಿದೆ, ಅವಳು ಒಪ್ಪಲಿಲ್ಲ, ಅಷ್ಟೇ. ಆಮೇಲೆ ನಾವು ಅವಳಿಗೆ ಮಾಡಿದ್ದು ತಪ್ಪು." ಹದಿನಾರು ಜನ ಓದಿದರು. ಇಬ್ಬರು ಹೆಬ್ಬೆರಳು ಎತ್ತಿದರು. ಆ ಮೀಮ್ ಮಾಡಿದವನು ಕೇಳಿದ: "ಯಾವಳೋ?"

ಅವನಿಗೆ ಮರೆತುಹೋಗಿದೆ. ಅವಳಿಗೆ ಮರೆತಿರಲಿಕ್ಕಿಲ್ಲ. ಅವಳ ನಂಬರ್ ನನ್ನ ಹತ್ತಿರ ಇಲ್ಲ. ಹುಡುಕಿ ತೆಗೆದು, ಇಷ್ಟು ವರ್ಷದ ಮೇಲೆ ಅವಳ ಮುಂದೆ ನಿಂತು ಕ್ಷಮೆ ಕೇಳೋದು ಅವಳಿಗಾಗಿಯೋ, ಮತ್ತೆ ನನ್ನ ಸಿನಿಮಾಗಾಗಿಯೋ ಅಂತ ಇನ್ನೂ ತೀರ್ಮಾನ ಆಗಿಲ್ಲ. ಅಕ್ಕನನ್ನ ಕೇಳಿದೆ. "ಸುಮ್ನಿರು, ಅವಳ ಪಾಡಿಗೆ ಅವಳನ್ನ ಬಿಡು" ಅಂತಾಳೆ. ನೀವೇನಂತೀರಾ?

ಅಂದ ಹಾಗೆ, ಮುಂದಿನ ಭಾನುವಾರ ಹನ್ನೆರಡನೆಯವನು ಬರ್ತಿದ್ದಾನೆ. ದೊಡ್ಡಮ್ಮ ಕೇಸರಿಬಾತ್ ಬೇಡ, ಈ ಸಲ ಉಪ್ಪಿಟ್ಟು ಸಾಕು ಅಂದಿದ್ದಾರಂತೆ :)